ಪಾನಿಪೂರಿಗೆ ಮುಂಚಿನ ಪ್ರಾರ್ಥನೆ

ಬೈಬಲಿನ ಯೋಬನ ಗ್ರಂಥದ 28ನೇ ಅಧ್ಯಾಯ ಹಿಡಿದು ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಪ್ರಸಂಗ ಮಾಡುವ ಪಾದ್ರಿಗೆ ಗಟ್ಟಿ ಗುಂಡಿಗೆ ಬೇಕು. ಮನುಷ್ಯ ಬೆಳ್ಳಿಬಂಗಾರಕ್ಕಾಗಿ ಭೂಮಿಯ ಬುಡ ಕೊರೆಯುವುದು, ಜನವಸತಿಯಿಂದ ದೂರದಲ್ಲಿ ಜೋತಾಡುವುದು, ಹದ್ದಿನ ಕಣ್ಣಿಗೂ ಬೀಳದ ದಾರಿ ತೋಡುವುದು, ಎಲ್ಲ ಅದರಲ್ಲಿದೆ. ಬೇರೆ ಊರಲ್ಲಾದರೆ ವಿವರಿಸಿ ಹೇಳಬೇಕು. ಇಲ್ಲಿ ಹಿಂದಿನ ಬೆಂಚಿನಲ್ಲಿ ತಾತಂದಿರು ಪರೀಕ್ಷಕರ ಹಾಗೆ ಕೂತಿರುತ್ತಾರೆ. ಚಾಂಪಿಯನ್ ರೀಫ್‌ನಲ್ಲಿ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತಲ್ಲ, ಕೇಜಿನಲ್ಲಿ ಇಳಿದು ಬಂದವರು ಅವರು. ನಮ್ಮ ತಾತ ಯೋಬನಿಗೆ ಪಾಸ್‌ಮಾರ್ಕು ಮಾತ್ರ ಕೊಡುತ್ತಿದ್ದರು. "ಎಲ್ಲಾ ಸರಿಯಾಗೇ ಬರೆದಿದೆ, ಏರ್‌ಬ್ಲಾಸ್ಟ್ ಒಂದು ಬಿಟ್ಟುಹೋಗಿದೆ" ಅನ್ನುವರು.

ಒತ್ತಡ ತಾಳದೆ ಬಂಡೆ ತಾನಾಗಿ ಸಿಡಿಯುವುದೇ ಏರ್‌ಬ್ಲಾಸ್ಟ್. ಕೆಳಗೆ ಸಿಡಿದರೆ ಮೇಲೆ ಕಾರ್ಮಿಕರ ಲೈನ್‌ಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಈಗ ಯಾರ ಶಿಫ್ಟು ಎಂದು ಲೆಕ್ಕ ಹಾಕುವಷ್ಟರಲ್ಲಿ ಅಜ್ಜಿಯ ಪ್ರಾರ್ಥನೆ ಶುರುವಾಗಿರುತ್ತಿತ್ತು. 130ನೇ ಕೀರ್ತನೆಯವನು ಆಳದಲ್ಲಿದ್ದು ತಾನೇ ಮೊರೆಯಿಟ್ಟ. ಇಲ್ಲಿ ಆಳದಲ್ಲಿದ್ದವರಿಗಾಗಿ ಒಲೆಯ ಮುಂದಿದ್ದವರೂ ಮೊರೆಯಿಡಬೇಕಿತ್ತು. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಮತ್ತಾಯನ ಸುವಾರ್ತೆಯಲ್ಲಿದೆ, ನಿಜ. ಲೈನ್‌ಮನೆಯಲ್ಲಿ ಕೋಣೆ ಎಲ್ಲಿಂದ ತರುವುದು? ಅಜ್ಜಿ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುವರು. ಅದೇ ಕೋಣೆ, ಅದೇ ಬಾಗಿಲು. ಒಳಗಿನಿಂದಲೇ "ಸಾರು ಉಕ್ತಾ ಇದೆ, ನೋಡೇ" ಎಂಬ ಆಜ್ಞೆಯೂ ಬರುತ್ತಿತ್ತು.

ಮನುಷ್ಯ ಕತ್ತಲೆಗೆ ಕೊನೆಗಾಣಿಸುತ್ತಾನೆ ಎಂಬ ಮಾತೂ ಯೋಬನ ಆ ಅಧ್ಯಾಯದಲ್ಲಿ ಬರುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ, ಬೆಂಗಳೂರಿಗಿಂತ ಮೊದಲು, ನಮ್ಮ ಗಣಿಗೆ ಬಂದಿತ್ತೆಂದು ಪಾದ್ರಿಗಳು ಇಲ್ಲಿ ತಪ್ಪದೆ ಸೇರಿಸುತ್ತಾರೆ. ಜನರಿಗೆ ಹೆಮ್ಮೆ. ಅಧ್ಯಾಯದ ಉಳಿದರ್ಧ ಮಾತ್ರ ಯಾರಿಗೂ ಅಷ್ಟು ರುಚಿಸುತ್ತಿರಲಿಲ್ಲ. ಜ್ಞಾನವನ್ನು ಎಷ್ಟು ಚಿನ್ನ ಸುರಿದರೂ ಕೊಳ್ಳಲಾಗದು ಅನ್ನುತ್ತದೆ ಅದು. ಚಿನ್ನ ಕೈಯಲ್ಲಿದ್ದಾಗ ಇಂಥದ್ದು ಯಾರಿಗೆ ಬೇಕು! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಭಾಗಕ್ಕೂ ಕೇಳುಗರಾದರು.

ಗಣಿಗಿಳಿದವರ ಮೊಮ್ಮಕ್ಕಳು ಈಗ ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಓಡುತ್ತಾರೆ. ಆ ರೈಲಿನಲ್ಲಂತೂ ಪ್ರಾರ್ಥನೆಗೆ ಮುಚ್ಚಲು ಬಾಗಿಲೇ ಸಿಗದು, ಅದರಲ್ಲಿ ನಾಲ್ಕು ಜನ ನೇತಾಡುತ್ತಿರುತ್ತಾರೆ. ಒಳಗೆ ಒಂದು ಸೀಟಿನಲ್ಲಿ ಇಸ್ಪೀಟು, ಎದುರು ಸೀಟಿನಲ್ಲಿ ಜಪಸರ. ಊರ್ಗಾಂನಲ್ಲಿ ಶುರುವಾದ ಜಪ ಟೇಕಲ್‌ ದಾಟುವ ಹೊತ್ತಿಗೆ ತೂಕಡಿಕೆಗೆ ತಿರುಗಿರುತ್ತದೆ. ದೇವರು ಅದನ್ನೂ ಜಮಾ ಮಾಡಿಕೊಳ್ಳುತ್ತಾನೆಂದು ನನ್ನ ನಂಬಿಕೆ.

ಉದ್ದದ ಪ್ರಾರ್ಥನೆಯೇ ಆಗಬೇಕೆನ್ನುವವರು ನೆಹೆಮೀಯನನ್ನು ಓದಬೇಕು. ಅರಸನಿಗೆ ಪಾನಪಾತ್ರೆ ಕೊಡುವ ಕೆಲಸದವನು. ನಿನಗೇನು ಬೇಕೆಂದು ಅರಸ ಕೇಳಿದ್ದಕ್ಕೂ ಇವನು ಉತ್ತರ ಕೊಟ್ಟದ್ದಕ್ಕೂ ನಡುವೆ ಒಂದು ಪ್ರಾರ್ಥನೆ ಮುಗಿದಿತ್ತು. ಬಂಗಾರಪೇಟೆಯ ಪಾನಿಪೂರಿಗೆ ಅದೇ ಅಳತೆ. ಅಲ್ಲಿಯ ಪಾನಿಗೆ ಬಣ್ಣವಿಲ್ಲ, ನೋಡಲು ಬರೀ ನೀರು, ಖಾರ ಗೊತ್ತಾಗುವುದು ಗಂಟಲಿಗಿಳಿದ ಮೇಲೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಅದರ ಮುಂದೆ ನಿಂತು ಪೂರ್ತಿ ಹೇಳಿದರೆ ಆಮೆನ್ ಅನ್ನುವಷ್ಟರಲ್ಲಿ ಪೂರಿ ಮೆತ್ತಗಾಗಿರುತ್ತದೆ. ಆದ್ದರಿಂದ ಈ ಕಡೆ ಬಂದರೆ, ಪ್ಲೇಟು ಕೈಗೆ ಬರುವ ಮೊದಲೇ ಸ್ತೋತ್ರ ಹೇಳಿಬಿಡಿ.