ಸಮಾಧಾನದ ರಾಯರು

ನವೋದಯಕ್ಕೆ ಆಯ್ಕೆಯಾದವರ ಪಟ್ಟಿ ಹೊರಬಿದ್ದ ದಿನ ನಮ್ಮೂರಿನಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಇರುವುದು ರಾಯರಿಗೆ. ಸೀಟು ಸಿಕ್ಕವರ ಮನೆಗೆ ಪೇಡೆ ತಿನ್ನಲು ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಸಿಗದವರ ಮನೆಯ ಮೆಟ್ಟಿಲು ಹತ್ತುವ ಗುಂಡಿಗೆ ಇರುವುದು ಇವರೊಬ್ಬರಿಗೇ. ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಹೊರಟರೆಂದರೆ ಸಾವಿನ ಮನೆಗೋ ನವೋದಯ ತಪ್ಪಿದ ಮನೆಗೋ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ಕೈಯಲ್ಲಿ ಕೋಡುಬಳೆ ಪೊಟ್ಟಣ ಇದ್ದರೆ ನವೋದಯ ಅಂತ ಲೆಕ್ಕ.

ರಾಯರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತಂದೆ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ನೌಕರಿ ಸಿಕ್ಕಿತ್ತು. ಹಾಗಾಗಿ ಸ್ಪರ್ಧಾತ್ಮಕ ಪರೀಕ್ಷೆ ಎಂಬುದು ಅವರ ಜೀವನದಲ್ಲಿ ಹಾದುಹೋಗಿಲ್ಲ. ಇಷ್ಟು ವರ್ಷ ಅನುಕಂಪದ ಅನ್ನ ಉಂಡದ್ದನ್ನು ಈಗ ಬಡ್ಡಿ ಸಮೇತ ಊರಿಗೆ ತೀರಿಸುತ್ತಿದ್ದಾರೆ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನವನು ಹೇಳುತ್ತಾನೆ. ಆದರೆ ಪರೀಕ್ಷೆಯ ಬಗ್ಗೆ ಅವರಷ್ಟು ಅಧಿಕಾರದಿಂದ ಮಾತಾಡುವವರು ಇನ್ನೊಬ್ಬರಿಲ್ಲ. ಹಾಲ್ ಟಿಕೆಟ್ ಬಂದ ಕೂಡಲೇ ‘ತೋರಿಸು, ಆಶೀರ್ವಾದ ಮಾಡ್ತೇನೆ’ ಅಂತ ಮಕ್ಕಳ ರೋಲ್ ನಂಬರನ್ನೆಲ್ಲ ಎಲ್‌ಐಸಿ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಫಲಿತಾಂಶ ಮೊಬೈಲಿಗೆ ಬಂದಾಗ ಹೆತ್ತವರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಅವರು ಸಮಾಧಾನ ಹೇಳಲು ಬಂದ ಮೇಲೆಯೇ ಮನೆಯವರಿಗೆ ಸುದ್ದಿ ಗೊತ್ತಾದದ್ದೂ ಉಂಟು.

ಈ ಪರೀಕ್ಷೆಯ ಗುಟ್ಟು ಸ್ವಲ್ಪ ಹೇಳದಿದ್ದರೆ ರಾಯರ ವಿದ್ಯೆ ನಿಮಗೆ ಅರ್ಥವಾಗುವುದಿಲ್ಲ. 1986ರ ಶಿಕ್ಷಣ ನೀತಿಯ ಕಾಲದಲ್ಲಿ, ಹಳ್ಳಿಯ ಜಾಣ ಮಕ್ಕಳಿಗೆ ಒಳ್ಳೆಯ ಶಾಲೆ ಸಿಗಲಿ ಅಂತ ಶುರುವಾದದ್ದು ನವೋದಯ. ನಮ್ಮ ಶಿವಮೊಗ್ಗ ಜಿಲ್ಲೆಯದು ಗಾಜನೂರಿನಲ್ಲಿದೆ. ಊಟ, ವಸತಿ, ಪುಸ್ತಕ, ಎಲ್ಲ ಸರ್ಕಾರದ್ದು. ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಪ್ರಶ್ನೆಯೂ 80, ಸಮಯ ಎರಡು ಗಂಟೆ, ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಅರ್ಧಕ್ಕರ್ಧ ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವು, ಅಂದರೆ ಬರೀ ಚಿತ್ರ. ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಡಿಸಿದರೆ ತೂತು ಎಲ್ಲೆಲ್ಲಿ ಬೀಳುತ್ತದೆ. ಈ ತೂತಿನ ಲೆಕ್ಕ ಬಿಡಿಸಲು ಹೋಗಿ ನಮ್ಮ ಓಣಿಯಲ್ಲಿ ಇಬ್ಬರು ಎಂಜಿನಿಯರುಗಳು ಕನ್ನಡಕ ಬದಲಾಯಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡ ವಿಷಯವೆಂದರೆ ಆರನೇ ತರಗತಿಯ ಈ ಪರೀಕ್ಷೆಯನ್ನು ಜನ್ಮಕ್ಕೆ ಒಂದೇ ಸಲ ಬರೆಯಬಹುದು. ‘ಒಂದೇ ಸಲ ಮಗಾ, ಒಂದೇ ಸಲ’ ಅಂತ ಐದನೇ ಕ್ಲಾಸಿನ ಮಗುವಿನ ಕಿವಿಯಲ್ಲಿ ವರ್ಷವಿಡೀ ಊದಿ, ಮಾರ್ಚಿನಲ್ಲಿ ‘ಅದೇನು ಮಹಾ, ಬಿಡು’ ಅನ್ನಬೇಕಾದ ಕಷ್ಟ ಹೆತ್ತವರದು. ಆ ಎರಡನೇ ಮಾತು ಬಾಯಿಗೆ ಬಾರದಿದ್ದಾಗ ರಾಯರು ಬರುತ್ತಾರೆ.

ಪಕ್ಕದ ಮನೆಯ ಪುಟ್ಟಿ ಈ ವರ್ಷ ಬರೆದಿದ್ದಳು. ಅವಳಪ್ಪ ‘ಸಿಕ್ಕೇ ಸಿಗ್ತದೆ’ ಅಂತ ಫಲಿತಾಂಶಕ್ಕೆ ಮುಂಚೆಯೇ ತಗಡಿನ ಟ್ರಂಕು ತಂದು, ಪೇಂಟರನ್ನು ಕರೆಸಿ, ಅವಳ ಹೆಸರಿನ ಕೆಳಗೆ ‘6ನೇ ತರಗತಿ, ನವೋದಯ’ ಅಂತ ಬಿಳಿ ಬಣ್ಣದಲ್ಲಿ ಬರೆಸಿದ್ದ. ಪಟ್ಟಿಯಲ್ಲಿ ಅವಳ ನಂಬರ್ ಇರಲಿಲ್ಲ. ಜೊತೆಯಲ್ಲಿ ಓದಿದ ಗೆಳತಿಯದು ಇತ್ತು. ಬೆಳಿಗ್ಗೆ ಹುಡುಗಿ ಚೆನ್ನಾಗಿಯೇ ಅತ್ತಳು. ಮಧ್ಯಾಹ್ನ ಅವಳಜ್ಜಿ ಊಟಕ್ಕೆ ಕರೆದು, ಎರಡು ಸಲ ಸಾರು ಬಡಿಸಿ, ‘ಮೇಲೆ ಅರಳು ಸಂಡಿಗೆ ಒಣಗಿಸಿದ್ದೇನೆ, ಕಾಗೆ ಕಾಯಿ ಹೋಗು’ ಅಂತ ಕೋಲು ಕೊಟ್ಟು ತಾರಸಿಗೆ ಕಳಿಸಿದರು. ನವೋದಯದ ಸುದ್ದಿ ಎತ್ತಲೇ ಇಲ್ಲ. ಸಂಜೆ ನಾಲ್ಕಕ್ಕೆ ಪುಟ್ಟಿ ಕೆಳಗಿಳಿದು ಬಂದು ‘ಅಪ್ಪಾ, ಟ್ರಂಕು ನಂಗೇ ಅಲ್ವಾ?’ ಅಂತ ಕೇಳಿದಳು. ಅಪ್ಪ ಮುಖ ಆಚೆ ತಿರುಗಿಸಿದ. ಅವನಿಗೆ ಸಂಡಿಗೆ ಕಾಯಲು ಯಾರೂ ಹೇಳಿರಲಿಲ್ಲ.

ರಾಯರು ಬಂದದ್ದು ಆರು ಗಂಟೆಗೆ. ಪುಟ್ಟಿ ಜಗಲಿಯಲ್ಲಿ ಕೂತು ಟ್ರಂಕಿನೊಳಗೆ ಬೆಕ್ಕಿನ ಮರಿ ಹಿಡಿಸುತ್ತದೋ ಇಲ್ಲವೋ ನೋಡುತ್ತಿದ್ದಳು. ರಾಯರು ಕೋಡುಬಳೆ ಕೊಟ್ಟು ಎದುರಿಗೆ ಕೂತರು.

‘ಪುಟ್ಟೀ, ಬೇಜಾರು ಮಾಡ್ಕೋಬೇಡ.’

‘ಇಲ್ಲ ಅಜ್ಜ.’

‘ಎಲ್ಲರೂ ಹಾಗೇ ಅಂತಾರೆ. ಒಳಗೆ ಇರ್ತದೆ.’

‘ಇಲ್ಲ.’

‘ಇರ್ತದೆ ಮಾರಾಯ್ತಿ, ನಂಗೆ ಗೊತ್ತಿಲ್ವಾ? ವರ್ಷಪೂರ್ತಿ ಓದಿದ್ದು. ಭಾನುವಾರ ಅಂತ ನೋಡ್ಲಿಲ್ಲ, ಟಿವಿ ಅಂತ ನೋಡ್ಲಿಲ್ಲ. ಅಜ್ಜನಮನೆ ತೇರಿಗೂ ಹೋಗ್ಲಿಲ್ಲ. ಅಪ್ಪ ಪಾಪ, ಸಾಲದಲ್ಲಿ ಟ್ರಂಕು ಬೇರೆ ತಂದ. ಜೊತೆಯವಳು ಒಬ್ಬಳೇ ಹೋಗ್ತಾಳೆ, ನೀನು ಇಲ್ಲೇ ಉಳೀತೀ. ಇಷ್ಟೆಲ್ಲ ಆಗಿಯೂ ಬೇಜಾರು ಮಾಡ್ಕೋಬಾರ್ದು ನೋಡು.’

ಪುಟ್ಟಿ ಕೈಯಲ್ಲಿದ್ದ ಕೋಡುಬಳೆ ಕೆಳಗಿಟ್ಟು ಅಳತೊಡಗಿದಳು. ರಾಯರು ತಲೆ ಸವರಿ, ಎದ್ದು, ಗೇಟಿನ ಹತ್ತಿರ ನಿಂತಿದ್ದ ನನಗೆ ಮೆಲ್ಲನೆ ಹೇಳಿದರು: ‘ಪಾಪ, ಒಳಗೇ ಇಟ್ಕೊಂಡಿತ್ತು. ಅತ್ತುಬಿಡ್ತು. ಇನ್ನು ಹಗುರ ಆಗ್ತದೆ.’

ಅಳು ಬರಿಸುವುದು ಅವರ ಮೊದಲ ಹಂತ. ಎರಡನೆಯದು ಮಹಾಪುರುಷರದು. ವಾಯುಪಡೆಯ ಪೈಲಟ್ ಆಗಲು ಹೋದ ಅಬ್ದುಲ್ ಕಲಾಂ, ಎಂಟು ಜಾಗಕ್ಕೆ ಒಂಬತ್ತನೆಯವರಾಗಿ ನಿಂತು ತಪ್ಪಿಸಿಕೊಂಡದ್ದು ರಾಯರ ಅಚ್ಚುಮೆಚ್ಚಿನ ಕಥೆ. ಅದು ನಿಜವೂ ಹೌದು, ಕಲಾಂ ತಮ್ಮ ಆತ್ಮಕಥೆಯಲ್ಲೇ ಹೇಳಿಕೊಂಡಿದ್ದಾರೆ. ಐನ್‌ಸ್ಟೈನ್ ವಿಷಯ ಬಂದಾಗ ಮಾತ್ರ ರಾಯರು ಸ್ವಲ್ಪ ಧಾರಾಳವಾಗುತ್ತಾರೆ. ‘ಗಣಿತದಲ್ಲಿ ಡುಮ್ಕಿ ಹೊಡೆದಿದ್ದ ಮಾರಾಯ್ತಿ, ಗಣಿತದಲ್ಲಿ!’ ಪಾಪದ ಮನುಷ್ಯ ಗಣಿತದಲ್ಲಿ ಯಾವತ್ತೂ ಡುಮ್ಕಿ ಹೊಡೆದವನಲ್ಲ. 1895ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನ ಪ್ರವೇಶ ಪರೀಕ್ಷೆ ಬರೆದ. ಗಣಿತ, ಭೌತಶಾಸ್ತ್ರ ಎರಡರಲ್ಲೂ ಚೆನ್ನಾಗಿ ಮಾಡಿ ಉಳಿದ ವಿಷಯಗಳಲ್ಲಿ ಸೋತ. ಆರಾವ್ ಎಂಬ ಊರಿನ ಶಾಲೆಯಲ್ಲಿ ಒಂದು ವರ್ಷ ಓದಿ ಬಾ ಅಂದರು. ಓದಿ ಬಂದ, 1896ರಲ್ಲಿ ಸೇರಿಸಿಕೊಂಡರು. ಇದನ್ನು ನಾನು ಗೇಟಿನಿಂದಲೇ ಕೂಗಿ ಹೇಳಿದೆ. ಪುಟ್ಟಿ ಕಣ್ಣೊರೆಸಿಕೊಂಡು ಕೇಳಿದಳು: ‘ಅವ್ರಿಗೆ ಮತ್ತೆ ಸೀಟು ಕೊಟ್ರಾ?’ ರಾಯರು ನನ್ನನ್ನು ನೋಡಿದ ನೋಟ ಹೇಳಲಾರೆ. ಅವರು ಕಟ್ಟಿದ ಮಹಾಪುರುಷನಿಗೆ ನಾನು ಎರಡನೇ ಅವಕಾಶ ಕೊಡಿಸಿಬಿಟ್ಟಿದ್ದೆ.

ಮೂರನೇ ಹಂತಕ್ಕೆ ತಾಂತ್ರಿಕ ಜ್ಞಾನ ಬೇಕು. ‘ನೀನು ಉತ್ತರ ಸರಿಯೇ ಬರೆದಿದ್ದೀ. ಓಎಂಆರ್ ಶೀಟಿನಲ್ಲಿ ಗುಂಡು ತುಂಬುವಾಗ ಇಷ್ಟೇ ಇಷ್ಟು ಗೆರೆಯಾಚೆ ಹೋಗಿರ್ತದೆ, ಮಷಿನ್ನಿಗೆ ಕಂಡಿಲ್ಲ.’ ಈ ಮಾತು ಕೇಳಿದ ಮಕ್ಕಳು ಮುಂದೆ ವಾರಗಟ್ಟಲೆ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗುಂಡು ತುಂಬುತ್ತಾ ಕೂರುವುದನ್ನು ನಾನು ನೋಡಿದ್ದೇನೆ. ಇದೊಂದು ವಿಷಯಕ್ಕೆ ನನಗೆ ರಾಯರ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ.

ಅಲ್ಲಿಂದ ಎದ್ದು ಅವರು ಪುಟ್ಟಿಯ ಗೆಳತಿಯ ಮನೆಗೂ ಹೋದರು. ಸಿಕ್ಕವರನ್ನು ಬಿಟ್ಟರೆ ಪಕ್ಷಪಾತ ಆಗುತ್ತದೆ. ಪುಟ್ಟಿಯ ಜಗಲಿಯಲ್ಲಿ ‘ಹಾಸ್ಟೆಲ್ಲೆಂದ್ರೆ ಎಂತ ಸುಖ? ಬೆಳಗಿನ ಜಾವ ಎಬ್ಬಿಸ್ತಾರೆ. ಒಂಬತ್ತನೇ ಕ್ಲಾಸಿಗೆ ಕೆಲವರನ್ನು ಒಂದು ವರ್ಷ ಹಿಂದಿ ಸೀಮೆಗೆ ಕಳಿಸ್ತಾರೆ, ಅಲ್ಲಿ ಮೂರು ಹೊತ್ತೂ ರೊಟ್ಟಿ’ ಎಂದಿದ್ದ ಬಾಯಿ, ನಾಲ್ಕು ಮನೆ ದಾಟುವಷ್ಟರಲ್ಲಿ ‘ಬೆಳಗಿನ ಜಾವ ಏಳುವ ಶಿಸ್ತು ಎಲ್ಲಿ ಸಿಗ್ತದೆ ಮಾರಾಯ್ರೆ? ಒಂದು ವರ್ಷ ಹಿಂದಿ ಸೀಮೆ ಬೇರೆ, ಪುಕ್ಕಟೆ ದೇಶ ನೋಡಿದ ಹಾಗೆ’ ಎಂದಿತು. ಸಂಜೆ ಹೊತ್ತು, ಕಿಟಕಿ ಎಲ್ಲ ತೆರೆದಿದ್ದವು. ಪುಟ್ಟಿಗೆ ಎರಡೂ ಕೇಳಿಸಿತು.

ಇಷ್ಟಾದರೂ ರಾಯರ ಕೈಯ ಬ್ರಹ್ಮಾಸ್ತ್ರ ಬೇರೆಯೇ ಇದೆ. ಹೊರಡುವ ಮುನ್ನ ಮಗುವಿನ ಕಿವಿಯ ಹತ್ತಿರ ಬಗ್ಗಿ, ಸರ್ಕಾರಿ ಗುಟ್ಟು ಹೇಳುವವರ ಹಾಗೆ ಹೇಳುತ್ತಾರೆ: ‘ಯಾರಿಗೂ ಹೇಳ್ಬೇಡ. ಇರೋದು ಎಂಬತ್ತು ಸೀಟು. ನೀನು ಎಂಬತ್ತೊಂದನೆಯವಳು. ಒಂದೂಕಾಲು ಅಂಕದಲ್ಲಿ ತಪ್ಪಿತು.’

ಪಟ್ಟಿಯಲ್ಲಿ ಆಯ್ಕೆಯಾದವರ ನಂಬರ್ ಇರುತ್ತದೆಯೇ ಹೊರತು ಆಗದವರ ರ‍್ಯಾಂಕು ಇರುವುದಿಲ್ಲ. ಅದೂ ಅಲ್ಲದೆ ಹಳ್ಳಿ, ಪೇಟೆ, ಹುಡುಗ, ಹುಡುಗಿ, ಮೀಸಲಾತಿ ಅಂತ ಸೀಟು ಹಂಚುವಾಗ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಣಿಸುವ ಕ್ರಮವೇ ಇಲ್ಲ. ರಾಯರಿಗೆ ಅದೆಲ್ಲ ಅಡ್ಡಿಯಾಗಲಿಲ್ಲ. ತೊಂದರೆ ಬಂದದ್ದು ಮಾರನೇ ದಿನ, ಶಾಲೆ ಮೈದಾನದಲ್ಲಿ. ಕ್ರಿಕೆಟ್ ಆಡುವಾಗ ಯಾರು ಮೊದಲು ಬ್ಯಾಟ್ ಹಿಡಿಯಬೇಕೆಂದು ಜಗಳವಾಗಿ, ಒಬ್ಬ ಹುಡುಗ ‘ನಾನು ಎಂಬತ್ತೊಂದನೆಯವನು, ಗೊತ್ತುಂಟಾ?’ ಎಂದ. ಇನ್ನೊಬ್ಬ ‘ಸುಳ್ಳು, ನಾನು’ ಎಂದ. ಪುಟ್ಟಿ ಫೀಲ್ಡಿಂಗ್ ಬಿಟ್ಟು ಬಂದಳು. ಕೆಳಗಿನ ಕೇರಿಯ ಅವಳಿ-ಜವಳಿ ಇಬ್ಬರೂ ಎಂಬತ್ತೊಂದನೆಯವರೇ ಆಗಿದ್ದರು. ಲೆಕ್ಕ ಹಾಕಿದರೆ ಮೈದಾನದಲ್ಲಿ ಒಂದು ಕ್ರಿಕೆಟ್ ಟೀಮಿಗಾಗುವಷ್ಟು ಎಂಬತ್ತೊಂದನೆಯವರಿದ್ದರು. ಮೊದಲು ಎಲ್ಲರೂ ಸಿಟ್ಟಾದರು, ಆಮೇಲೆ ಒಬ್ಬ ನಕ್ಕ, ಆಮೇಲೆ ನಗು ನಿಲ್ಲಲಿಲ್ಲ. ಸೀಟು ಸಿಕ್ಕ ಗೆಳತಿ ಒಬ್ಬಳೇ ಬೌಂಡರಿ ಹತ್ತಿರ ನಿಂತು ‘ನನ್ನನ್ನೂ ಸೇರಿಸ್ಕೊಳ್ರೋ’ ಎಂದಳು. ‘ನೀನು ಬರೀ ಎಂಬತ್ತರೊಳಗಿನವಳು’ ಅಂತ ಬೇಡ ಅಂದು, ಕೊನೆಗೆ ಅಂಪೈರ್ ಮಾಡಿದರಂತೆ. ಅಂದಿನಿಂದ ಊರಿನ ಮಕ್ಕಳಿಗೆಲ್ಲ ರಾಯರು ‘ಎಂಬತ್ತೊಂದಜ್ಜ’.

ಮಕ್ಕಳ ಮಟ್ಟಿಗೆ ನವೋದಯ ಆ ಮಧ್ಯಾಹ್ನ ಮುಗಿಯಿತು. ಮನೆಗಳಲ್ಲಿ ಮುಗಿಯಲು ಬಹಳ ಕಾಲ ಹಿಡಿಯಿತು, ಯಾಕೆಂದರೆ ರಾಯರು ಈಗ ಅಪ್ಪಂದಿರಿಗೆ ವೇಟಿಂಗ್ ಲಿಸ್ಟಿನ ವಿಚಾರ ತಿಳಿಸಿದರು. ಯಾರೋ ಒಬ್ಬ ವಿಜಯಪುರದ ಸೈನಿಕ ಶಾಲೆಗೆ ಹೋಗುತ್ತಾನೆ, ಯಾರಿಗೋ ದಾಖಲೆ ಸರಿಯಿರುವುದಿಲ್ಲ, ಜಾಗ ಖಾಲಿಯಾಗಿಯೇ ಆಗುತ್ತದೆ. ಅದೂ ಆಗದಿದ್ದರೆ ಮೊರಾರ್ಜಿ ವಸತಿ ಶಾಲೆ ಇದೆ, ಆದರ್ಶ ವಿದ್ಯಾಲಯ ಇದೆ. ಯಾವುದೂ ಬೇಡ ಅಂದರೆ ಒಂಬತ್ತನೇ ತರಗತಿಗೆ ಖಾಲಿ ಸೀಟಿಗೆ ಮತ್ತೆ ನವೋದಯದ ಪರೀಕ್ಷೆಯೇ ಇದೆ, ಇನ್ನೇನು ಮೂರು ವರ್ಷ, ಇವತ್ತಿನಿಂದಲೇ ಓದಿಸಿದರೆ ಆಯಿತು. ಪುಟ್ಟಿಯ ಅಪ್ಪ ಟ್ರಂಕಿನ ಮೇಲಿನ ಅಕ್ಷರ ಅಳಿಸಲು ಮಳೆಗಾಲ ಶುರುವಾದರೂ ಬಿಡಲಿಲ್ಲ. ಫೋನ್ ಬಂದರೆ ಓಡಿ ಎತ್ತುತ್ತಿದ್ದ. ಕೊನೆಗೊಂದು ದಿನ ಪುಟ್ಟಿಯೇ ಗಾಜುಕಾಗದ ತಂದು ‘ನವೋದಯ’ವನ್ನು ಉಜ್ಜಿ ತೆಗೆದಳು. ‘6ನೇ ತರಗತಿ’ ಉಳಿಸಿಕೊಂಡಳು, ಅದು ಹೇಗಿದ್ದರೂ ಸರಿಯೇ ಇತ್ತು. ಬೆಕ್ಕಿನ ಮರಿ ಅಷ್ಟರಲ್ಲಿ ಟ್ರಂಕಿಗೆ ಹಿಡಿಸದಷ್ಟು ಬೆಳೆದಿತ್ತು.

ಆಮೇಲೆ ಸಹಕಾರ ಸಂಘದ ಚುನಾವಣೆ ಬಂತು. ಸಾಮಾನ್ಯ ಕ್ಷೇತ್ರದ ಐದು ಸ್ಥಾನಕ್ಕೆ ಹನ್ನೊಂದು ಜನ ನಿಂತರು, ರಾಯರೂ ನಿಂತರು. ಇಷ್ಟು ಮನೆಗಳಿಗೆ ಕೋಡುಬಳೆ ಹಂಚಿದವರನ್ನು ಊರು ಕೈಬಿಡಲಾರದು ಅಂತ ಅವರ ಎಣಿಕೆ. ಎಣಿಕೆ ಮುಗಿದಾಗ ಹತ್ತನೆಯವರಾಗಿದ್ದರು. ಅವರ ಹಿಂದೆ ಇದ್ದದ್ದು ನಾಮಪತ್ರ ವಾಪಸು ತೆಗೆಯಲು ಮರೆತು ಬೆಂಗಳೂರಿಗೆ ಹೋಗಿದ್ದ ಒಬ್ಬರು ಮಾತ್ರ.

ಎರಡು ದಿನ ರಾಯರ ಮನೆಯ ಬಾಗಿಲು ತೆರೆಯಲಿಲ್ಲ. ಸಮಾಧಾನ ಹೇಳುವವರಿಗೆ ಸಮಾಧಾನ ಹೇಳುವುದು ಹೇಗೆಂದು ಯಾರಿಗೂ ತಿಳಿಯದೆ, ಓಣಿಯವರೆಲ್ಲ ಅವರ ಮನೆ ಮುಂದೆ ಬಂದಾಗ ಹೆಜ್ಜೆ ಜೋರು ಮಾಡುತ್ತಿದ್ದರು. ಮೂರನೇ ದಿನ ಪುಟ್ಟಿಯ ಅಜ್ಜಿ ಒಂದು ಡಬ್ಬಿ ಸಂಡಿಗೆ ಕೊಟ್ಟು ‘ಕೊಟ್ಟು ಬಾ, ಮಾತೆಂತ ಬೇಡ’ ಅಂತ ಮೊಮ್ಮಗಳನ್ನು ಕಳಿಸಿದರು. ಪುಟ್ಟಿ ಡಬ್ಬಿ ಕೊಟ್ಟಳು. ರಾಯರ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

‘ಅಜ್ಜ, ಯಾರಿಗೂ ಹೇಳ್ಬೇಡಿ. ಇದ್ದದ್ದು ಐದು ಸೀಟು. ನೀವು ಆರನೆಯವರಂತೆ.’

ರಾಯರು ಕನ್ನಡಕ ಸರಿ ಮಾಡಿಕೊಂಡರು. ‘ಹೌದಾ? ಯಾರು ಹೇಳಿದ್ದು?’

‘ಎಲ್ಲರೂ ಅಂತಾರಪ್ಪ.’

ಮಾರನೇ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ಅವರು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬಂದರು. ‘ಆರನೆಯವನು ಮಾರಾಯ್ರೆ. ಒಂದೇ ಸ್ಥಾನದಲ್ಲಿ ಹೋಯ್ತು. ಬ್ಯಾಲೆಟ್ಟಿನಲ್ಲಿ ಸೀಲು ಇಷ್ಟೇ ಇಷ್ಟು ಗೆರೆಯಾಚೆ ಬಿದ್ದಿರ್ತದೆ, ಎಣಿಸುವವನಿಗೆ ಕಂಡಿಲ್ಲ.’ ನಿಜವಾಗಿ ಆರನೆಯವರಾಗಿದ್ದವರು ಪಕ್ಕದ ಮೇಜಿನಲ್ಲೇ ದೋಸೆ ತಿನ್ನುತ್ತಿದ್ದರು. ರಾಯರು ಎದ್ದು ಅವರ ಹತ್ತಿರ ಹೋಗಿ ಕೂತು, ಬೇಜಾರು ಮಾಡ್ಕೋಬೇಡಿ ಅಂತ ಶುರು ಮಾಡಿದರು.