ಚಿತ್ರಾಭಾವ ಮೀಮಾಂಸೆ: ಅಂತರಸನಹಳ್ಳಿಯ ಒಂದು ಖಾಲಿ ವೃತ್ತವನ್ನು ಕುರಿತು

ಪೀಠಿಕೆ

ಸ್ಥಳಾಧಾರಿತ ಸಂಚಾರಿ ಕ್ರೀಡಾ ಸಂಕಥನಗಳಲ್ಲಿ ಸ್ಥಾನಸೂಚಕ ಬಿಂಬದ ಗೈರುಹಾಜರಿಯು ನಿರ್ಮಿಸುವ ಜ್ಞಾನಮೀಮಾಂಸಾತ್ಮಕ ಬಿರುಕುಗಳನ್ನು ವಸಾಹತೋತ್ತರ ಅವಕಾಶ-ರಾಜಕಾರಣದ ನೆಲೆಯಲ್ಲಿ ಮುಖಾಮುಖಿಯಾಗಿಸುತ್ತಾ, ತನ್ಮೂಲಕ ಇರುವಿಕೆಯನ್ನೇ ಮರುಓದಿಗೆ ಒಡ್ಡುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಅರ್ಥವಾಗಲಿಲ್ಲವೆಂದು ಓದುಗರು ಕುಗ್ಗಬೇಕಿಲ್ಲ. ಇಂಥ ವಾಕ್ಯಗಳನ್ನು ಕೇಳುತ್ತಾ ಒಂದು ವಿಚಾರ ಸಂಕಿರಣದಲ್ಲಿ ಊಟದ ಹೊತ್ತಿನವರೆಗೆ ಕೂತವನು ನಾನು. ತಿಳಿಯುವಂತೆ ಬರೆದರೆ ಪ್ರಬಂಧಕ್ಕೆ ತೂಕ ಬರುವುದಿಲ್ಲವೆಂಬುದನ್ನು ಅಲ್ಲಿಯೇ ಕಲಿತದ್ದು.

ಅಧ್ಯಯನದ ವ್ಯಾಪ್ತಿ

ಮೊಬೈಲ್ ಹಿಡಿದು ಬೀದಿ ಬೀದಿ ತಿರುಗಿ ಆಡುವ ಆಟಗಳಿವೆ. ನಯಾಂಟಿಕ್ ಕಂಪನಿ 2012ರಲ್ಲಿ ‘ಇಂಗ್ರೆಸ್’ ತಂದಿತು; 2016ರಲ್ಲಿ ‘ಪೋಕೆಮಾನ್ ಗೋ’ ಬಂದು ಜಗತ್ತಿನ ಹುಡುಗರನ್ನೆಲ್ಲ ಬೀದಿಗೆ ಎಳೆಯಿತು. ಊರಿನ ಗುಡಿ, ಪ್ರತಿಮೆ, ಉದ್ಯಾನಗಳೇ ಇವುಗಳಲ್ಲಿ ನಿಲ್ದಾಣಗಳು. ಹತ್ತಿರ ಹೋಗಿ ಒತ್ತಿದರೆ ಆ ಜಾಗದ ಚಿತ್ರವಿರುವ ದುಂಡನೆಯ ಬಿಲ್ಲೆ ತೆರೆಯುತ್ತದೆ, ಬೆರಳಿಂದ ತಿರುಗಿಸಿದರೆ ಸಾಮಾನು ಉದುರುತ್ತದೆ. ಕೆಲವೊಮ್ಮೆ ಬಿಲ್ಲೆ ಇರುತ್ತದೆ, ಹೆಸರಿರುತ್ತದೆ, ಚಿತ್ರವಿರುವುದಿಲ್ಲ. ತುಮಕೂರಿನ ಅಂತರಸನಹಳ್ಳಿ ಕಡೆ, ಒಂದು ಕಟ್ಟೆಯ ಹೆಸರು ಹೊತ್ತ ಅಂಥದೊಂದು ಖಾಲಿ ಬಿಲ್ಲೆಯೇ ನಮ್ಮ ಆಕರ. ನಾನಾಡುವ ಆಟ ಯಾವುದೆಂದು ಕೇಳಬೇಡಿ, ಈ ವಯಸ್ಸಿಗೆ ಮರ್ಯಾದೆಯ ಪ್ರಶ್ನೆ.

ವರ್ಗೀಕರಣ

ಇಲ್ಲದಿರುವುದೂ ಒಂದು ಪದಾರ್ಥವೆಂದು ವೈಶೇಷಿಕರು ಒಪ್ಪಿ, ಅದನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಅವರ ಉದಾಹರಣೆ. ಅದನ್ನೇ ಬಿಲ್ಲೆಗೂ ಅನ್ವಯಿಸಬಹುದು.

ಒಂದು, ಚಿತ್ರ-ಪ್ರಾಗಭಾವ. ಚಿತ್ರ ಇನ್ನೂ ಹುಟ್ಟಿಲ್ಲ, ಯಾರೋ ತೆಗೆಯಬೇಕು, ಎಲ್ಲರೂ ಇನ್ನೊಬ್ಬರು ತೆಗೆಯಲಿ ಎಂದು ಕಾಯುತ್ತಿದ್ದಾರೆ. ಎರಡು, ಚಿತ್ರ-ಪ್ರಧ್ವಂಸಾಭಾವ. ಇತ್ತು, ಯಾರೋ ದೂರು ಕೊಟ್ಟರು, ತೆಗೆದುಹಾಕಿದರು. ಮೂರು, ಚಿತ್ರ-ಅನ್ಯೋನ್ಯಾಭಾವ. ಗಣಪತಿ ಗುಡಿ ಎಂಬ ಹೆಸರಿನ ಕೆಳಗೆ ಬಸ್ ನಿಲ್ದಾಣದ ಫೋಟೊ; ಇದು ಅದಲ್ಲ, ಅದು ಇದಲ್ಲ. ನಾಲ್ಕನೆಯದು ಅತ್ಯಂತಾಭಾವ: ಎಂದೂ ಇರಲಿಲ್ಲ, ಎಂದೂ ಇರುವುದಿಲ್ಲ. ಇದಕ್ಕೆ ಮೂರು ಉಪಭೇದ, ಪ್ರತಿಯೊಂದಕ್ಕೂ ಎರಡೆರಡು... ಬಿಡಿ, ಸಾಕು. ನಾಲ್ಕಕ್ಕೂ ಕಾರಣ ಒಂದೇ ಮತ್ತು ಅದಕ್ಕೆ ತರ್ಕಶಾಸ್ತ್ರ ಬೇಕಿಲ್ಲ.

ಕಾರಣಮೀಮಾಂಸೆ

ಆಟಗಾರರು ಸೂಚಿಸಿದ ಜಾಗ ನಿಲ್ದಾಣವಾಗಬೇಕೆ ಬೇಡವೇ ಎಂದು ತೀರ್ಮಾನಿಸಲು ನಯಾಂಟಿಕ್ 2019ರಲ್ಲಿ ‘ವೇಫೇರರ್’ ಎಂಬ ವ್ಯವಸ್ಥೆ ತೆರೆಯಿತು. ಅಲ್ಲಿ ಮತ ಹಾಕುವವರು ಇತರ ಆಟಗಾರರೇ, ನಿಮ್ಮ ಊರನ್ನು ಕಂಡಿರಬೇಕೆಂದೇನೂ ಇಲ್ಲ. ಜಾಗ ನಿಜವಾಗಿ ಇದೆಯೋ ಎಂದು ಅವರು ನೋಡುವುದು ಹೆಚ್ಚಾಗಿ ಗೂಗಲ್‌ನ ಸ್ಟ್ರೀಟ್ ವ್ಯೂನಲ್ಲಿ. ಅದಕ್ಕಾಗಿ ಬೀದಿಗಳ ಚಿತ್ರ ತೆಗೆಯುವ ಗಾಡಿ 2011ರಲ್ಲಿ ಬೆಂಗಳೂರಿನ ಬೀದಿಗಿಳಿದಾಗ ಪೊಲೀಸರು ಆಕ್ಷೇಪಿಸಿ ನಿಲ್ಲಿಸಿದರು. 2016ರಲ್ಲಿ ಕೇಂದ್ರ ಸರ್ಕಾರ ಭದ್ರತೆಯ ಕಾರಣಕ್ಕೆ ಅನುಮತಿ ನಿರಾಕರಿಸಿತು. ಕೊನೆಗೆ 2022ರ ಜುಲೈನಲ್ಲಿ ಹತ್ತು ನಗರಗಳಲ್ಲಿ ಶುರುವಾಯಿತು. ಆ ಹತ್ತರಲ್ಲಿ ಬೆಂಗಳೂರಿತ್ತು, ಎಪ್ಪತ್ತು ಕಿಲೋಮೀಟರ್ ಆಚೆಯ ತುಮಕೂರು ಇರಲಿಲ್ಲ. ಹೀಗೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ, ದೂರದಲ್ಲಿ ಕೂತವನ ಪಾಲಿಗೆ ನಮ್ಮ ಬೀದಿಗಳು ಸಾಕ್ಷಿಯಿಲ್ಲದ ಬೀದಿಗಳು. ‘ಕಾಣುತ್ತಿಲ್ಲ, ಆದ್ದರಿಂದ ಇಲ್ಲ’ ಎಂಬುದು ಅನುಪಲಬ್ಧಿ ಎಂಬ ಪ್ರಮಾಣ. ಭಾಟ್ಟ ಮೀಮಾಂಸಕರು ಅದಕ್ಕೊಂದು ಷರತ್ತು ಹಾಕಿದ್ದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆ ಇಲ್ಲವೆನ್ನುವಂತಿಲ್ಲ. ಮೊಬೈಲ್ ಆಟದ ತೀರ್ಪುಗಾರರಿಗೆ ಈ ಷರತ್ತನ್ನು ಯಾರೂ ಓದಿ ಹೇಳಿಲ್ಲ.

ಇದು ನಮ್ಮೊಬ್ಬರ ಗೋಳೂ ಅಲ್ಲ. 2016ರಲ್ಲಿ ಅಮೆರಿಕದ ಅರ್ಬನ್ ಇನ್‌ಸ್ಟಿಟ್ಯೂಟ್ ವಾಷಿಂಗ್ಟನ್‌ನಲ್ಲಿ ಲೆಕ್ಕ ಹಾಕಿದಾಗ, ಬಿಳಿಯರು ಹೆಚ್ಚಿರುವ ಬಡಾವಣೆಗಳಲ್ಲಿ ಸರಾಸರಿ 55 ಪೋಕೆ ನಿಲ್ದಾಣಗಳಿದ್ದರೆ, ಕಪ್ಪು ಜನ ಹೆಚ್ಚಿರುವಲ್ಲಿ 19 ಇದ್ದವು. ಮೊದಲು ಜಾಗ ಗುರುತಿಸಿದವರು ತಾವು ಓಡಾಡುವ ಬೀದಿಗಳನ್ನೇ ಗುರುತಿಸಿದರು, ಅಷ್ಟೇ. ಕೆಟ್ಟ ಉದ್ದೇಶ ಯಾರಿಗೂ ಇರಬೇಕಾಗಿರಲಿಲ್ಲ. ಭಾರತಕ್ಕೆ ಪೋಕೆಮಾನ್ ಗೋ ಬಂದದ್ದು 2016ರ ಡಿಸೆಂಬರ್‌ನಲ್ಲಿ, ರಿಲಯನ್ಸ್ ಜಿಯೋ ಜೊತೆಗೂಡಿ. ಅಂದೇ ರಿಲಯನ್ಸ್ ಮಳಿಗೆಗಳು ನಿಲ್ದಾಣಗಳಾದವು. ಸಿಮ್ ಮಾರುವ ಅಂಗಡಿ ಒಂದು ಸ್ಥಳ ಹೌದೋ ಅಲ್ಲವೋ ಎಂದು ಯಾರೂ ಮತ ಹಾಕಬೇಕಾಗಲಿಲ್ಲ.

ಕ್ಷೇತ್ರಕಾರ್ಯ

ಅಂತರಸನಹಳ್ಳಿಯಲ್ಲಿ ಏನಿದೆ? ಹೆದ್ದಾರಿ ಇದೆ, ಕೈಗಾರಿಕಾ ಪ್ರದೇಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ ತರಕಾರಿ ಮಾರುಕಟ್ಟೆ ಇದೆ. ಊರು ಏಳುವ ಮೊದಲೇ ಅಲ್ಲಿ ಟೊಮೆಟೊ ಕ್ರೇಟು, ಕೋಸಿನ ಮೂಟೆ, ಸೊಪ್ಪಿನ ಕಂತೆ ಇಳಿದು ಹರಾಜು ನಡೆದಿರುತ್ತದೆ. ತುಮಕೂರಿನ ಮಧ್ಯಾಹ್ನದ ಸಾರು ಅಲ್ಲಿಂದ ಹೊರಡುತ್ತದೆ.

ಈಗ ವೇಫೇರರ್‌ನ ನಿಯಮ ನೋಡಿ. ಜಾಗ ಶಾಶ್ವತವಾಗಿರಬೇಕು, ವಿಶಿಷ್ಟವಾಗಿರಬೇಕು. ಸಾಮಾನ್ಯ ಅಂಗಡಿ ಮುಂಗಟ್ಟು ಆಗದು. ಚಿತ್ರದಲ್ಲಿ ಜನರ ಮುಖ ಇರಬಾರದು, ಗಾಡಿಯ ನಂಬರ್ ಪ್ಲೇಟ್ ಕಾಣಬಾರದು, ಮಂಕಾಗಿರಬಾರದು. ಅಮಾನಿಕೆರೆ ಪಕ್ಕದ ಗಾಜಿನ ಮನೆಗೆ ಇದರಿಂದ ತೊಂದರೆಯಿಲ್ಲ, ಅದು ಸುಮ್ಮನೆ ನಿಂತಿರುತ್ತದೆ. ಕೈದಾಳದ ಗುಡಿಯ ಚನ್ನಕೇಶವನಿಗೂ ಇಲ್ಲ. ಮಾರುಕಟ್ಟೆಯನ್ನು ಏನು ಮಾಡುವುದು? ಬೆಳಗಿನ ಜಾವ ತೆಗೆದರೆ ಕತ್ತಲು. ಬೆಳಕು ಹರಿದ ಮೇಲೆ ತೆಗೆದರೆ ರೈತರ, ದಲ್ಲಾಳಿಗಳ, ಹಮಾಲರ ಮುಖಗಳೇ ಎಲ್ಲೆಲ್ಲೂ, ಅವುಗಳ ಹಿಂದೆ ಸಾಲು ಸಾಲು ಟಾಟಾ ಏಸ್‌ಗಳ ನಂಬರ್ ಪ್ಲೇಟು. ಎಲ್ಲರೂ ಹೋದ ಮೇಲೆ ತೆಗೆದರೆ ಕೊಳೆತ ಕೋಸಿನೆಲೆ, ಎರಡು ಹಸು. ವಿಶಿಷ್ಟವಾದದ್ದೇನೂ ಇಲ್ಲ, ತಿರಸ್ಕೃತ.

ಪ್ರಬಂಧಕಾರರಿಗೆ ಸಿಟ್ಟು ಸಲ್ಲದು, ಗೊತ್ತು. ಆದರೂ ಹೇಳುತ್ತೇನೆ: ಕಲ್ಲಾಗಿ ನಿಂತದ್ದಕ್ಕೆ ಮಾತ್ರ ಚಿತ್ರದ ಹಕ್ಕು ಕೊಟ್ಟು, ಬೆವರುತ್ತಾ ಓಡಾಡುವುದನ್ನೆಲ್ಲ ಚಿತ್ರದಿಂದ ಅಳಿಸಿ ಬನ್ನಿ ಎನ್ನುವ ಕಾನೂನು ಯಾವ ಸೀಮೆಯದು? ನಮ್ಮ ಊರುಗಳಲ್ಲಿ ಕಲ್ಲಾದರೂ ನಿಲ್ಲುತ್ತದೆಯೇ? ರಸ್ತೆ ಅಗಲವಾದಾಗ ಅರಳಿಮರ ಹೋಗುತ್ತದೆ, ಅದರ ಬುಡದ ನಾಗರಕಲ್ಲು ಯಾವುದೋ ಕಾಂಪೌಂಡಿನ ಮೂಲೆ ಸೇರುತ್ತದೆ. ಆ ಮರದ ಕಟ್ಟೆಯಲ್ಲಿ ಕೂತು ಬೀಡಿ ಸೇದುತ್ತಿದ್ದ ಅಜ್ಜಂದಿರು ಎಲ್ಲಿ ಹೋದರೆಂದು ಪಾಲಿಕೆಯ ಕಡತದಲ್ಲಿಲ್ಲ, ಸಂಕಿರಣದ ಸಂಪುಟದಲ್ಲೂ ಇಲ್ಲ. ಒಂದು ಕಟ್ಟೆಯ ಹೆಸರನ್ನು ಉಳಿಸಿಕೊಂಡಿರುವುದು ಒಂದು ಆಟ, ಅದೂ ಚಿತ್ರವಿಲ್ಲದೆ. ಇದು ನಗುವ ವಿಷಯವೆಂದು ಶುರು ಮಾಡಿದ್ದೆ.

ಕ್ಷೇತ್ರಕಾರ್ಯದ ಅಂಗವಾಗಿ, ಮೂಟೆ ಇಳಿಸಿ ನಿಂತಿದ್ದ ಹಮಾಲರೊಬ್ಬರನ್ನು ಕೇಳಿದೆ: “ಅಣ್ಣ, ಒಂದು ಫೋಟೊ ತಗೊಳ್ಳೋಣ ಅಂತ, ಎಲ್ರೂ ಒಂದು ಗಳಿಗೆ ಪಕ್ಕಕ್ಕೆ ಸರೀತೀರಾ? ಜನ ಕಾಣಬಾರದಂತೆ.”

“ಜನ ಕಾಣಬಾರ್ದು ಅಂದ್ಮೇಲೆ ಮಾರ್ಕೆಟ್ಟಿಗ್ಯಾಕ್ ಬಂದ್ರಿ ಸಾರ್?” ಅಂದರು. “ಸರೀರಿ, ಗಾಡಿ ಬರ್ತೈತೆ.”