ಪರಿಣಾಮ ಮೀಮಾಂಸೆ ಅಥವಾ ಪರರ ದೋಷಗಳಿಗೆ ಶಾಸ್ತ್ರೀಯ ನಾಮಕರಣ

ಮನುಷ್ಯನ ನಡವಳಿಕೆಯನ್ನು ವಿವರಿಸಲು ಹಿಂದಿನವರು ಗ್ರಹಚಾರ, ಪೂರ್ವಜನ್ಮದ ಕರ್ಮ, ಹುಟ್ಟುಗುಣ ಎಂಬ ಮೂರು ಕಾರಣಗಳನ್ನಷ್ಟೇ ನೆಚ್ಚಿಕೊಂಡಿದ್ದರೆ, ಇಪ್ಪತ್ತನೆಯ ಶತಮಾನದ ವಿದ್ವಾಂಸರು ಅವುಗಳ ಜಾಗದಲ್ಲಿ ‘ಪರಿಣಾಮ’ವೆಂಬ ಹೊಸ ದೈವವನ್ನು ಪ್ರತಿಷ್ಠಾಪಿಸಿದರು, ಅದರ ಸಂತತಿ ಈಗ ಎಣಿಕೆಗೆ ಸಿಗದಷ್ಟು ಬೆಳೆದಿದೆ. ಶಾಸ್ತ್ರದ ಮರ್ಯಾದೆಯಂತೆ ಮೊದಲು ಲಕ್ಷಣವನ್ನು ಹೇಳಬೇಕು. ಒಂದು ಪ್ರಯೋಗ, ಆ ಪ್ರಯೋಗಕ್ಕೆ ಸಿಕ್ಕಿಬಿದ್ದ ಕೆಲವು ಕಾಲೇಜು ವಿದ್ಯಾರ್ಥಿಗಳು, ಉಚ್ಚರಿಸಲು ತುಸು ಕಷ್ಟವಾದ ಒಂದು ಅಂಕಿತನಾಮ, ಈ ಮೂರೂ ಕೂಡಿದಲ್ಲಿ ಪರಿಣಾಮವು ಸಿದ್ಧಿಸುತ್ತದೆ. ಮೊದಲ ಎರಡು ಇಲ್ಲದೆಯೂ ಅದು ಬದುಕಬಲ್ಲದು. ಮೂರನೆಯದಿಲ್ಲದೆ ಒಂದು ದಿನವೂ ಬಾಳದು. ಲಕ್ಷಣಕ್ಕೆ ತಾರ್ಕಿಕರು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು, ಅಂದರೆ ಹೊಂದಬೇಕಾದ ಕೆಲವೆಡೆ ಹೊಂದದಿರುವುದು, ಹೊಂದಬಾರದೆಡೆಯೂ ಹೊಂದುವುದು, ಎಲ್ಲಿಯೂ ಹೊಂದದಿರುವುದು ಎಂಬಿವನ್ನು ಹೇಳಿದ್ದಾರೆ. ಪರಿಣಾಮಗಳ ವಿಷಯದಲ್ಲಿ ನಾಲ್ಕನೆಯದೊಂದನ್ನು ಸೇರಿಸದೆ ವಿಧಿಯಿಲ್ಲ. ಅದೇ ಪರಮಾತ್ರವ್ಯಾಪ್ತಿ: ಹೇಳುವವನೊಬ್ಬನನ್ನು ಬಿಟ್ಟು ಉಳಿದ ಸಮಸ್ತ ಮಾನವಕುಲಕ್ಕೆ ಅನ್ವಯಿಸುವ ಗುಣ. ಇದನ್ನು ದೋಷವೆನ್ನುವುದಕ್ಕಿಂತ ಪರಿಣಾಮದ ಜೀವಾಳವೆನ್ನುವುದೇ ಉಚಿತ.

ಇದಕ್ಕೆ ಡನಿಂಗ್–ಕ್ರೂಗರ್ ಪರಿಣಾಮಕ್ಕಿಂತ ಶುದ್ಧವಾದ ಉದಾಹರಣೆ ದೊರೆಯಲಾರದು. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಒಬ್ಬಾತನು, ಮುಖಕ್ಕೆ ನಿಂಬೆರಸ ಬಳಿದುಕೊಂಡವರು ಕ್ಯಾಮೆರಾಕ್ಕೆ ಕಾಣಿಸುವುದಿಲ್ಲವೆಂದು ದೃಢವಾಗಿ ನಂಬಿ, ಮುಸುಕಿಲ್ಲದೆ ಎರಡು ಬ್ಯಾಂಕುಗಳನ್ನು ದೋಚಿ, ಅದೇ ಕ್ಯಾಮೆರಾದ ಕೃಪೆಯಿಂದ ಸಿಕ್ಕಿಬಿದ್ದನು. ಸಾಮಾನ್ಯರು ನಕ್ಕು ಮರೆಯಬಹುದಾದ ಈ ಸುದ್ದಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಡನಿಂಗ್ ಅವರಿಗೆ ತತ್ತ್ವವೊಂದು ಗೋಚರಿಸಿತು. ಅವರು ಜಸ್ಟಿನ್ ಕ್ರೂಗರ್ ಅವರೊಡನೆ ಸೇರಿ ವಿದ್ಯಾರ್ಥಿಗಳ ಹಾಸ್ಯಪ್ರಜ್ಞೆ, ತರ್ಕ, ವ್ಯಾಕರಣಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸರಾಸರಿಯಲ್ಲಿ ನೂರಕ್ಕೆ 12 ಜನರನ್ನಷ್ಟೇ ಹಿಂದೆ ಹಾಕಿದ್ದ ಕೆಳಗಿನ ಕಾಲುಭಾಗದವರು ತಾವು 62 ಜನರನ್ನು ಹಿಂದೆ ಹಾಕಿರುವುದಾಗಿ ಭಾವಿಸಿದ್ದರು. ಯಾವ ಜ್ಞಾನದ ಕೊರತೆಯಿಂದ ಉತ್ತರ ತಪ್ಪಿತೋ, ತಪ್ಪನ್ನು ಗುರುತಿಸುವುದಕ್ಕೂ ಅದೇ ಜ್ಞಾನ ಬೇಕಾಗಿತ್ತು ಎಂಬುದು ಅವರು ಕೊಟ್ಟ ಕಾರಣ. ಮರುವರ್ಷ ಇದಕ್ಕೆ, ನಗಿಸಿ ಬಳಿಕ ಯೋಚಿಸುವಂತೆ ಮಾಡುವ ಸಂಶೋಧನೆಗೆಂದೇ ಮೀಸಲಾದ ಇಗ್ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದು ಈ ಹೆಸರಿನಲ್ಲಿ ಎಲ್ಲೆಡೆ ತೋರಿಸಲಾಗುವ, ಮೂರ್ಖತನದ ಶಿಖರವನ್ನೇರಿ ಹತಾಶೆಯ ಕಣಿವೆಗಿಳಿಯುವ ರೇಖಾಚಿತ್ರವು ಮೂಲ ಲೇಖನದಲ್ಲಿ ಇಲ್ಲವೇ ಇಲ್ಲ. ಆದರೆ ಅದನ್ನು ತೋರಿಸುವವರು ಮೂಲವನ್ನು ಓದಿಲ್ಲವೆಂಬುದನ್ನು ಆಕ್ಷೇಪಣೆಯಾಗಿ ಎತ್ತುವುದು ಅಲ್ಪಜ್ಞರ ಕೆಲಸ. ಓದದೆಯೂ ಇಷ್ಟು ಖಚಿತವಾಗಿ ವಿವರಿಸಬಲ್ಲವರು ಸಿದ್ಧಾಂತಕ್ಕೆ ತಮ್ಮ ದೇಹವನ್ನೇ ಪ್ರಮಾಣವಾಗಿ ಒಪ್ಪಿಸಿದ್ದಾರೆಂದು ತಿಳಿಯಬೇಕು.

ಇಲ್ಲಿ ಪೂರ್ವಪಕ್ಷದವರು, ಅಂದರೆ ಎದುರುವಾದ ಹೂಡುವವರು, ಒಂದು ಪ್ರಶ್ನೆ ಕೇಳುವುದುಂಟು: ಇನ್ನೊಬ್ಬರ ಮೇಲೆ ಈ ಪರಿಣಾಮವನ್ನು ಆರೋಪಿಸುವವರು ತಾವೇ ಅದರೊಳಗೆ ಇಲ್ಲವೆಂಬುದಕ್ಕೆ ಆಧಾರವೇನು? ಪರಮಾತ್ರವ್ಯಾಪ್ತಿಯನ್ನು ಒಪ್ಪಿದವರಿಗೆ ಈ ಪ್ರಶ್ನೆ ಏಳುವುದಿಲ್ಲ ಎಂಬುದು ಸಿದ್ಧಾಂತ. ಮಾವನ ವ್ಯವಹಾರಜ್ಞಾನವನ್ನು ಕುರಿತು ಅಳಿಯನೂ, ಅಳಿಯನ ಕಾರು ಓಡಿಸುವ ಕೌಶಲವನ್ನು ಕುರಿತು ಮಾವನೂ ಏಕಕಾಲದಲ್ಲಿ ಡನಿಂಗ್ ಮತ್ತು ಕ್ರೂಗರ್ ಅವರನ್ನು ಸ್ಮರಿಸಿದರೆ, ಇಬ್ಬರ ಮಾತೂ ನಿಜವಾಗಿರುವ ಸಂಭವವನ್ನು ಶಾಸ್ತ್ರವು ತಳ್ಳಿಹಾಕುವುದಿಲ್ಲ.

ಇನ್ನು ಪರಿಣಾಮವೊಂದು ಪ್ರಭಾವ ಬೀರಬೇಕಾದರೆ ಅದು ಇರಲೇಬೇಕೇ ಎಂಬ ಸೂಕ್ಷ್ಮ ವಿಚಾರ. ಇರಬೇಕಾಗಿಲ್ಲ. ಚಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗಗಳಲ್ಲಿ ದೀಪದ ಬೆಳಕನ್ನು ಹೆಚ್ಚಿಸಿದಾಗಲೂ ಉತ್ಪಾದನೆ ಹೆಚ್ಚಿತು, ತಗ್ಗಿಸಿದಾಗಲೂ ಹೆಚ್ಚಿತು, ಆದ್ದರಿಂದ ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಅರಿವೇ ಕಾರ್ಮಿಕರನ್ನು ದುಡಿಸಿತು ಎಂಬ ಕಥೆಗೆ 1958ರಲ್ಲಿ ಹೆನ್ರಿ ಲ್ಯಾಂಡ್ಸ್‌ಬರ್ಗರ್ ಹಾಥಾರ್ನ್ ಪರಿಣಾಮವೆಂದು ಹೆಸರಿಟ್ಟರು. ಕಳೆದುಹೋಗಿವೆಯೆಂದು ನಂಬಲಾಗಿದ್ದ ಆ ದೀಪಪ್ರಯೋಗದ ಅಂಕಿಅಂಶಗಳನ್ನು ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದಾಗ, ಕಥೆಯಲ್ಲಿದ್ದ ಆ ಚಮತ್ಕಾರ ಅಂಕಿಗಳಲ್ಲಿ ಕಾಣಿಸಲಿಲ್ಲ. ಇದರಿಂದ ಮ್ಯಾನೇಜರುಗಳು ನೌಕರರ ಬೆನ್ನ ಹಿಂದೆ ಬಂದು ನಿಲ್ಲುವುದನ್ನು ಬಿಟ್ಟಿಲ್ಲ. ಮೊಜಾರ್ಟ್ ಪರಿಣಾಮದ ಗತಿಯೂ ಇಂಥದೇ. 1993ರಲ್ಲಿ ಮೊಜಾರ್ಟನ ಸಂಗೀತ ಕೇಳಿದ 36 ವಿದ್ಯಾರ್ಥಿಗಳಲ್ಲಿ ಹದಿನೈದು ನಿಮಿಷದೊಳಗೆ ಕರಗಿಹೋಗುವಷ್ಟು ಕಂಡುಬಂದ ಬುದ್ಧಿಯ ಏರಿಕೆಯನ್ನು ನೆಚ್ಚಿ, 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲರ್ ಅವರು ಪ್ರತಿ ನವಜಾತ ಶಿಶುವಿಗೂ ಸಂಗೀತದ ಮುದ್ರಿಕೆ ಹಂಚಲು 1,05,000 ಡಾಲರ್ ಕೇಳಿದರು. ಶಿಶುಗಳ ಅಭಿಪ್ರಾಯವನ್ನು ಪಡೆದಂತೆ ತೋರುವುದಿಲ್ಲ.

ಅಂಕಿತನಾಮದ ವಿಚಾರಕ್ಕೆ ಬಂದರೆ, ಹೆಸರಿರುವವರಿಗೇ ಇನ್ನಷ್ಟು ಹೆಸರು ಸಲ್ಲುತ್ತದೆ, ಇಲ್ಲದವರಿಗೆ ಸಲ್ಲಬೇಕಾದದ್ದೂ ಸಲ್ಲುವುದಿಲ್ಲ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಬೈಬಲಿನ ಮತ್ತಾಯನ ಹೆಸರಿನಿಂದ ಮ್ಯಾಥ್ಯೂ ಪರಿಣಾಮವೆಂದು ಕರೆದರು. ಆ ಲೇಖನವು ಹ್ಯಾರಿಯೆಟ್ ಝುಕರ್‌ಮನ್ ನಡೆಸಿದ್ದ ಸಂದರ್ಶನಗಳನ್ನು ಬಹುವಾಗಿ ಅವಲಂಬಿಸಿತ್ತು. ಆಕೆಯ ಹೆಸರೂ ಲೇಖಕರ ಸ್ಥಾನದಲ್ಲಿ ಇರಬೇಕಿತ್ತೆಂದು ಮರ್ಟನ್ ಮುಂದೆ ತಾವೇ ಒಪ್ಪಿಕೊಂಡರು. ಸಿದ್ಧಾಂತವು ತನ್ನ ಹುಟ್ಟಿನಲ್ಲಿಯೇ ತನ್ನನ್ನು ತಾನು ಸಾಧಿಸಿಕೊಂಡ ಇಂಥ ನಿದರ್ಶನ ಗಣಿತದಲ್ಲಿಯೂ ಅಪರೂಪ.

ಪ್ರಯೋಗಶಾಲೆಯವರು ಇದೆಲ್ಲದರಿಂದ ಹೊರಗಿದ್ದಾರೆಂದು ಭಾವಿಸಬಾರದು. ಭೌತಶಾಸ್ತ್ರಜ್ಞ ವೋಲ್ಫ್‌ಗ್ಯಾಂಗ್ ಪೌಲಿ ಕಾಲಿಟ್ಟಲ್ಲಿ ಉಪಕರಣಗಳು ಕೆಡುತ್ತವೆ ಎಂಬುದೇ ಪೌಲಿ ಪರಿಣಾಮ. ಅವರ ಸ್ನೇಹಿತರಾದ ಆಟೊ ಸ್ಟರ್ನ್ ಹ್ಯಾಂಬರ್ಗಿನ ತಮ್ಮ ಪ್ರಯೋಗಶಾಲೆಯೊಳಕ್ಕೆ ಅವರನ್ನು ಬಿಡುತ್ತಿರಲಿಲ್ಲವಂತೆ. ಗಾಟಿಂಗೆನ್‌ನಲ್ಲಿ ಒಮ್ಮೆ ಪೌಲಿ ಇಲ್ಲದಿರುವಾಗಲೇ ಉಪಕರಣವೊಂದು ಕೆಟ್ಟು ಸಿದ್ಧಾಂತಕ್ಕೆ ಸಂಕಟ ಬಂದೊದಗಿತು. ಬಳಿಕ ವಿಚಾರಿಸಲಾಗಿ, ಆ ಹೊತ್ತಿನಲ್ಲಿ ಅವರು ಕೂತಿದ್ದ ರೈಲು ಅದೇ ಊರಿನ ನಿಲ್ದಾಣದಲ್ಲಿ ನಿಂತಿತ್ತೆಂದು ತಿಳಿದು ವಿದ್ವಾಂಸರು ನಿಟ್ಟುಸಿರುಬಿಟ್ಟರೆಂದು ಪ್ರತೀತಿ. ಕಾಲ್ಗುಣವೆಂಬ ದೇಶೀ ಶಾಸ್ತ್ರಕ್ಕೆ ಕ್ವಾಂಟಮ್ ವಿಜ್ಞಾನದಿಂದ ದೊರೆತ ಬೆಂಬಲವು ಇದಕ್ಕಿಂತ ಸ್ಪಷ್ಟವಾಗಿ ಮತ್ತೆಲ್ಲಿಯೂ ಇಲ್ಲ. ಇದಕ್ಕೆ ಹೋಲಿಸಿದರೆ 1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ದೃಢಪಟ್ಟು, 1930ರಲ್ಲಿ ನೊಬೆಲ್ ತಂದ ರಾಮನ್ ಪರಿಣಾಮವು ಶೋಚನೀಯವಾಗಿ ಹಿಂದುಳಿದಿದೆ. ದ್ರವದ ಮೂಲಕ ಹಾಯ್ದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲು ತನ್ನ ತರಂಗಾಂತರವನ್ನು ಬದಲಿಸಿಕೊಂಡು ಚದುರುತ್ತದೆ. ನಂಬುವವರಿಗೂ ನಂಬದವರಿಗೂ ಅಷ್ಟೇ ಚದುರುತ್ತದೆ. ರಾಮನ್ ಅವರು ಬದುಕಿನ ಉತ್ತರಾರ್ಧವನ್ನು ಬೆಂಗಳೂರಿನಲ್ಲಿಯೇ ಕಳೆದಿದ್ದರೂ, ಆ ಊರಿನ ಯಾವ ಕಚೇರಿಯಲ್ಲಿಯೂ ಒಬ್ಬ ಸಹೋದ್ಯೋಗಿ ಇನ್ನೊಬ್ಬನ ಬೆನ್ನ ಹಿಂದೆ ‘ಅವನದು ರಾಮನ್ ಪರಿಣಾಮದ ಕೇಸು’ ಎಂದು ಪಿಸುಗುಟ್ಟುವ ಅನುಕೂಲವನ್ನು ಅದು ಇಂದಿಗೂ ಒದಗಿಸಿಲ್ಲ.

ಪಾಂಡಿತ್ಯಕ್ಕೇ ಸಂಬಂಧಿಸಿದ ಪರಿಣಾಮವೊಂದು ಉಳಿದಿದೆ. 1970ರಲ್ಲಿ ಅಮೆರಿಕದಲ್ಲಿ ನಟನೊಬ್ಬನಿಗೆ ಡಾಕ್ಟರ್ ಫಾಕ್ಸ್ ಎಂಬ ಹೆಸರನ್ನೂ ಭಾರೀ ಪದವಿಗಳನ್ನೂ ತೊಡಿಸಿ, ವೈದ್ಯಶಿಕ್ಷಣಕ್ಕೆ ಗಣಿತದ ಕ್ರೀಡಾಸಿದ್ಧಾಂತವನ್ನು ಅನ್ವಯಿಸುವ ಕುರಿತು, ಪರಸ್ಪರ ವಿರುದ್ಧವಾದ ಮಾತುಗಳನ್ನೂ ಇಲ್ಲದ ಪದಗಳನ್ನೂ ಹೆಣೆದು ಉಪನ್ಯಾಸ ಕೊಡಿಸಲಾಯಿತು. ಮನೋವೈದ್ಯರನ್ನೂ ಮನೋವಿಜ್ಞಾನಿಗಳನ್ನೂ ಒಳಗೊಂಡ ಸಭಿಕರು ಬಹುಮಟ್ಟಿಗೆ ಮೆಚ್ಚಿದರು. ಒಬ್ಬರಂತೂ ಡಾಕ್ಟರ್ ಫಾಕ್ಸ್ ಅವರ ಕೃತಿಗಳನ್ನು ಹಿಂದೆಯೇ ಓದಿರುವುದಾಗಿ ಬರೆದುಕೊಟ್ಟರು. ಪ್ರಸ್ತುತ ಪ್ರಬಂಧದ ಪರಮಾತ್ರವ್ಯಾಪ್ತಿಯನ್ನು ಹಿಂದೆಯೇ ಬಲ್ಲ ಓದುಗರೂ ಇದ್ದೇ ಇರುವರೆಂಬ ಭರವಸೆಗೆ ಇದೇ ಆಧಾರ.

ಕೊನೆಯದಾಗಿ ಫೋರರ್ ಪರಿಣಾಮ. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಅವರದೇ ಎಂದು ಹೇಳಿ ಗುಣವಿವರಣೆಯನ್ನು ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ವಾಕ್ಯಗಳು ಬಹುಪಾಲು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು. ವಿದ್ಯಾರ್ಥಿಗಳು ಅದರ ನಿಖರತೆಗೆ 5ಕ್ಕೆ ಸರಾಸರಿ 4.26 ಅಂಕ ನೀಡಿದರು. ಶಾಸ್ತ್ರಗ್ರಂಥಗಳಿಗೆ ಫಲಶ್ರುತಿ, ಅಂದರೆ ಓದಿದವರಿಗೆ ಒದಗುವ ಫಲದ ನಿರೂಪಣೆ, ಕಡ್ಡಾಯವಾಗಿರುವುದರಿಂದ ಅದನ್ನು ಫೋರರ್ ಅವರ ಕ್ರಮದಲ್ಲಿಯೇ ಕೊಡಲಾಗಿದೆ. ಈ ಪ್ರಬಂಧವನ್ನು ಪೂರ್ತಿ ಓದಿದವರು ಸಾಮಾನ್ಯರಲ್ಲ. ಮಾತಿನಲ್ಲಿ ಗಡುಸಾಗಿ ಕಂಡರೂ ಇವರ ಮನಸ್ಸು ಮೃದು. ದುಡಿದಷ್ಟು ಹೆಸರು ಬಂದಿಲ್ಲ. ಉಪಕಾರ ಪಡೆದ ನೆಂಟರು ಈಗ ಫೋನು ಎತ್ತುವುದಿಲ್ಲ. ಕೈಗೆ ಬಂದ ಹಣ ನಿಲ್ಲುವುದಿಲ್ಲ. ಸೊಂಟದ ಅಥವಾ ಮಂಡಿಯ ನೋವು ಆಗಾಗ ಬಂದುಹೋಗುವುದು. ಇವರ ಒಂದು ಮುಖ್ಯ ಸಲಹೆಯನ್ನು ಮನೆಯವರು ಆಗ ಕೇಳದೆ ಈಗ ಪರಿತಪಿಸುತ್ತಿದ್ದಾರೆ.